ಮ್ವಾಲಿಮು ನೈರೇರೆ

ಆಫ್ರಿಕಾ ಖಂಡದ ಪೂರ್ವಭಾಗದಲ್ಲಿ ಸಮುದ್ರವೋ ಎಂಬಂತೆ ಹರಡಿಕೊಂಡಿರುವ ವಿಕ್ಟೋರಿಯಾ ಸರೋವರವಿದೆ. ಅದರ ಪೂರ್ವದ ದಡವನ್ನು ಬಿಟ್ಟು ಒಳನಾಡಿನತ್ತ ಸಾಗಿದರೆ ಬಂಡೆಗಳಿಂದ ತುಂಬಿದ ದಿಣ್ಣೆಗಳ ನಡುವೆ ಬುಟಿಯಾಮಾ ಎಂಬ ಹಳ್ಳಿ ಸಿಗುತ್ತದೆ. 1922ರ ಏಪ್ರಿಲ್ 13ರಂದು ಆ ಹಳ್ಳಿಯಲ್ಲಿ ಒಂದು ಗಂಡುಮಗು ಜನಿಸಿತು. ಅಂದು ಮಳೆ ಸುರಿಯುತ್ತಿದ್ದುದರಿಂದ ಮಳೆಯ ದೇವತೆಯ ಹೆಸರನ್ನೇ ಮಗುವಿಗಿಟ್ಟು ಕಂಬರಾಗೆ ಎಂದು ಕರೆದರು. ತಂದೆ ನೈರೇರೆ ಬುರಿಟೊ ಜನಾಕಿ ಎಂಬ ಚಿಕ್ಕ ಬುಡಕಟ್ಟಿನ ಒಡೆಯ. ಅವನ ಹೆಸರಿಗೂ ಒಂದು ಕಾರಣವಿತ್ತು. ಅವನು ಹುಟ್ಟಿದ ವರ್ಷ ಆ ಸೀಮೆಯಲ್ಲೆಲ್ಲ ಕಂಬಳಿಹುಳುಗಳ ಹಾವಳಿ. ಆ ಹುಳುವಿಗೆ ಅವರ ಭಾಷೆಯಲ್ಲಿ ನೈರೇರೆ ಎಂದು ಹೆಸರು. ಹುಳುವಿನಿಂದ ಬಂದ ಆ ಹೆಸರು ಮುಂದೆ ಒಂದು ರಾಷ್ಟ್ರದ ಚರಿತ್ರೆಯಲ್ಲಿ ನಿಲ್ಲುವುದೆಂದು ಆಗ ಯಾರೂ ಎಣಿಸಿರಲಿಲ್ಲ.

ಒಡೆಯನ ಮನೆಯೆಂದರೆ ಅರಮನೆಯೆಂದು ಭಾವಿಸಬಾರದು. ಹುಲ್ಲು ಹೊದಿಸಿದ ದುಂಡು ಗುಡಿಸಲುಗಳು, ದನದ ಕೊಟ್ಟಿಗೆ, ಜೋಳ-ರಾಗಿಗಳ ಹೊಲ, ಇಷ್ಟೇ ಅಲ್ಲಿಯ ಸಿರಿ. ಬುರಿಟೊವಿಗೆ ಇಪ್ಪತ್ತೆರಡು ಮಂದಿ ಹೆಂಡಿರು. ಕಂಬರಾಗೆಯ ತಾಯಿ ಮ್ಗಾಯಾ ಅವರಲ್ಲಿ ಐದನೆಯವಳು. ಅವಳು ತನ್ನ ಗುಡಿಸಲಿನಲ್ಲಿ ತನ್ನ ಮಕ್ಕಳನ್ನು ಸಾಕಿಕೊಂಡು, ತನ್ನ ಪಾಲಿನ ಹೊಲವನ್ನು ತಾನೇ ಅಗೆದು ಬದುಕಬೇಕಾಗಿತ್ತು. ತಾಯಿಯ ಆ ದುಡಿಮೆಯನ್ನು ಮಗ ಮರೆಯಲಿಲ್ಲ. ಕಾಲೇಜಿನಲ್ಲಿದ್ದಾಗ ಅವನು ಬರೆದ ಮೊದಲ ಪ್ರಬಂಧಗಳಲ್ಲೊಂದು ಸ್ತ್ರೀಯರ ಸ್ವಾತಂತ್ರ್ಯವನ್ನು ಕುರಿತದ್ದು.

ಬಾಲಕ ಕಂಬರಾಗೆ ಮೇಕೆಗಳನ್ನು ಕಾಯುತ್ತ, ಬಿಡುವಾದಾಗ ತಂದೆಯೊಡನೆ ಗುಳಿಮಣೆಯ ಆಟವಾಡುತ್ತ ಬೆಳೆದನು. ನಮ್ಮ ಅಜ್ಜಿಯರು ಹುಣಿಸೆಬೀಜಗಳನ್ನು ಹಾಕಿ ಆಡುತ್ತಿದ್ದ ಅಳಗುಳಿಮಣೆಯನ್ನು ನೋಡಿದವರಿಗೆ ಈ ಆಟ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ. ಗುಳಿಗಳ ಸಾಲುಗಳು ಅಲ್ಲಿ ಹೆಚ್ಚು, ಲೆಕ್ಕ ಇನ್ನೂ ತೊಡಕು. ತತ್ತ್ವ ಮಾತ್ರ ಒಂದೇ. ಹಲವು ಹೆಜ್ಜೆಗಳ ಮುಂದನ್ನು ಕಾಣಬಲ್ಲವನಿಗೇ ಅಲ್ಲಿ ಗೆಲುವು. ಹುಡುಗನ ಚುರುಕನ್ನು ಕಂಡ ಹಿರಿಯರು ಅವನನ್ನು ಶಾಲೆಗೆ ಕಳುಹಿಸುವಂತೆ ತಂದೆಗೆ ಹೇಳಿದರು. ಹನ್ನೆರಡನೆಯ ವಯಸ್ಸಿನಲ್ಲಿ ಕಂಬರಾಗೆ ಇಪ್ಪತ್ತಾರು ಮೈಲಿ ದೂರದ ಮುಸೋಮಾ ಪಟ್ಟಣದ ವಸತಿಶಾಲೆಯನ್ನು ಸೇರಿದನು. ಅಲ್ಲಿಯವರೆಗೆ ಅವನು ಅಕ್ಷರವನ್ನೇ ಕಂಡಿರಲಿಲ್ಲ. ಜನಾಕಿ ಜನರ ಪದ್ಧತಿಯಂತೆ ಮುಂದಿನ ಹಲ್ಲುಗಳನ್ನು ಅರದಿಂದ ಉಜ್ಜಿ ಮೊನೆಮಾಡಿಸಿಕೊಂಡಿದ್ದ ಆ ಹುಡುಗ, ನಾಲ್ಕು ವರ್ಷದ ಓದನ್ನು ಮೂರೇ ವರ್ಷದಲ್ಲಿ ಮುಗಿಸಿ, 1937ರಲ್ಲಿ ಟಬೋರಾದ ಸರ್ಕಾರಿ ಪ್ರೌಢಶಾಲೆಗೆ ಆಯ್ಕೆಯಾದನು. ಅಲ್ಲಿಂದ ಮುಂದೆ ಉಗಾಂಡಾದ ಮಕೆರೆರೆ ಕಾಲೇಜು. 1943ರಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದು ಜೂಲಿಯಸ್ ಎಂಬ ಹೆಸರನ್ನು ಸ್ವೀಕರಿಸಿದ ಅವರು 1945ರಲ್ಲಿ ಅಧ್ಯಾಪಕ ತರಬೇತಿಯನ್ನು ಮುಗಿಸಿ, ಟಬೋರಾದ ಪಾದ್ರಿಗಳ ಶಾಲೆಯೊಂದರಲ್ಲಿ ಉಪಾಧ್ಯಾಯರಾದರು.

ಉಪಾಧ್ಯಾಯನಿಗೆ ಸ್ವಾಹಿಲಿ ಭಾಷೆಯಲ್ಲಿ ಮ್ವಾಲಿಮು ಎನ್ನುತ್ತಾರೆ. ಅರಬ್ಬೀ ವರ್ತಕರು ಹಡಗುಗಳಲ್ಲಿ ಪೂರ್ವ ಆಫ್ರಿಕಾದ ಕರಾವಳಿಗೆ ತಂದ ಮುಅಲ್ಲಿಮ್ ಎಂಬ ಶಬ್ದವೇ ಅಲ್ಲಿಯ ನಾಲಿಗೆಯಲ್ಲಿ ಈ ರೂಪವನ್ನು ತಳೆಯಿತು. ನಾವು ವಕೀಲ ಎಂದರೆ ಅವರು ವಕೀಲಿ ಎನ್ನುತ್ತಾರೆ. ನಮ್ಮ ದುಕಾನು ಅಲ್ಲಿ ದುಕಾ. ಒಂದೇ ಕಡಲಿನ ಎರಡು ದಡಗಳಲ್ಲಿರುವ ಜನರ ಮಾತಿನಲ್ಲಿ ಇಂತಹ ಶಬ್ದಗಳು ಇನ್ನೂ ಎಷ್ಟೋ ಇವೆ. ನೈರೇರೆ ಪ್ರಧಾನಿಯಾದರು, ಅಧ್ಯಕ್ಷರಾದರು. ಆದರೆ ಜನ ಅವರನ್ನು ಕೊನೆಯವರೆಗೂ ಕರೆದದ್ದು ಮ್ವಾಲಿಮು ಎಂದೇ.

ಅವರ ನಾಡಿನ ಅಂದಿನ ಹೆಸರು ಟಾಂಗನೀಕಾ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನರು ಅದನ್ನು ಆಕ್ರಮಿಸಿಕೊಂಡರು. 1905ರಲ್ಲಿ ದಕ್ಷಿಣದ ಜನ ಅವರ ವಿರುದ್ಧ ದಂಗೆಯೆದ್ದರು. ಮಂತ್ರಿಸಿದ ನೀರನ್ನು ಚಿಮುಕಿಸಿಕೊಂಡರೆ ಗುಂಡುಗಳು ನೀರಾಗುತ್ತವೆ ಎಂಬ ನಂಬಿಕೆಯಿಂದ ಅವರು ತೋಪಿನ ಬಾಯಿಗೆ ಎದೆಗೊಟ್ಟರು. ನೀರು ಎಂಬುದಕ್ಕೆ ಅವರ ಮಾತು ಮಾಜಿ. ಆದ್ದರಿಂದ ಅದಕ್ಕೆ ಮಾಜಿಮಾಜಿ ದಂಗೆಯೆಂದೇ ಹೆಸರಾಯಿತು. ಜರ್ಮನರು ಬೆಳೆಗಳನ್ನು ಸುಟ್ಟು, ಕಣಜಗಳನ್ನು ಬರಿದುಮಾಡಿ ದಂಗೆಯನ್ನು ಅಡಗಿಸಿದರು. ಗುಂಡಿಗಿಂತ ಹಸಿವಿನಿಂದ ಸತ್ತವರೇ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ ನಾಡು ಬ್ರಿಟಿಷರ ಕೈಗೆ ಬಂತು. ಎರಡನೆಯ ಯುದ್ಧದ ಅನಂತರ ಅದು ವಿಶ್ವಸಂಸ್ಥೆಯ ಮೇಲ್ವಿಚಾರಣೆಗೆ ಒಳಪಟ್ಟರೂ ಆಳುವವರು ಬ್ರಿಟಿಷರೇ ಆಗಿ ಉಳಿದರು. ಇದೊಂದು ಕಾಗದದ ವ್ಯತ್ಯಾಸವೆಂದು ಅನೇಕರು ಬಗೆದರು. ಆದರೆ ಆ ಕಾಗದ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನೈರೇರೆ ಮುಂದೆ ತೋರಿಸಿಕೊಟ್ಟರು.

1949ರಲ್ಲಿ ವಿದ್ಯಾರ್ಥಿವೇತನ ಪಡೆದು ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಚರಿತ್ರೆ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಓದಿ 1952ರಲ್ಲಿ ಎಂ.ಎ. ಪದವೀಧರರಾಗಿ ಹಿಂದಿರುಗಿದರು. ಮರುವರ್ಷ ಮಾರಿಯಾ ಅವರೊಡನೆ ವಿವಾಹವಾಯಿತು. ಅಂದಿನ ರಾಜಧಾನಿಯಾಗಿದ್ದ ದಾರ್-ಎಸ್-ಸಲಾಮಿನ ಹತ್ತಿರದ ಪುಗು ಎಂಬ ಊರಿನ ಶಾಲೆಯಲ್ಲಿ ಅವರಿಗೆ ಕೆಲಸ ದೊರೆಯಿತು. ವಾರವೆಲ್ಲ ಪಾಠ, ಬಿಡುವಿನಲ್ಲಿ ಪಟ್ಟಣಕ್ಕೆ ಹೋಗಿ ಆಫ್ರಿಕನರ ಸಂಘದ ಕೆಲಸ. ಆ ಸಂಘ ಅಲ್ಲಿಯವರೆಗೆ ಬಹುಮಟ್ಟಿಗೆ ಗುಮಾಸ್ತರೂ ಉಪಾಧ್ಯಾಯರೂ ಕೂಡಿ ಮಾತನಾಡುವ ಕೂಟವಾಗಿತ್ತು. 1954ರ ಜುಲೈ 7ರಂದು ಅದನ್ನೇ ರಾಷ್ಟ್ರೀಯ ಪಕ್ಷವನ್ನಾಗಿ ಮಾರ್ಪಡಿಸಿ ಟಾಂಗನೀಕಾ ಆಫ್ರಿಕನ್ ನ್ಯಾಷನಲ್ ಯೂನಿಯನ್ ಎಂದು ಹೆಸರಿಟ್ಟರು. ಟಾನು ಎಂಬುದು ಅದರ ಸಂಕ್ಷಿಪ್ತ ರೂಪ. ಅಧ್ಯಕ್ಷ ನೈರೇರೆಗೆ ಆಗ ಮೂವತ್ತೆರಡು ವರ್ಷ.

1955ರಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಮಂಡಲಿಯ ಮುಂದೆ ತಮ್ಮ ನಾಡಿನ ಪರವಾಗಿ ವಾದಿಸಿದರು. ಮೇಲ್ವಿಚಾರಣೆಯೆಂದರೆ ಒಡೆತನವಲ್ಲ, ಒಂದು ದಿನ ಒಪ್ಪಿಸಿಕೊಡಬೇಕಾದ ನ್ಯಾಸ ಎಂಬುದು ಅವರ ವಾದದ ತಿರುಳು. ಹಿಂದಿರುಗಿದಾಗ ಶಾಲೆಯವರು ಅವರ ಮುಂದೆ ಒಂದು ಪ್ರಶ್ನೆಯನ್ನಿಟ್ಟರು: ಉಪಾಧ್ಯಾಯ ವೃತ್ತಿಯೋ ರಾಜಕೀಯವೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವರು ರಾಜೀನಾಮೆ ಕೊಟ್ಟರು. ಕೈಯಲ್ಲಿ ಬೇರೆ ವರಮಾನವಿರಲಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಕೆಲಕಾಲ ಬುಟಿಯಾಮಾಕ್ಕೆ ಹೋಗಿ, ಪಾದ್ರಿಯೊಬ್ಬರಿಗೆ ಜನಾಕಿ ಭಾಷೆಯನ್ನು ಕಲಿಸಿ ಜೀವನ ಸಾಗಿಸಿದರು. ನಾಲ್ಕು ದಶಕಗಳಷ್ಟು ಕಾಲ ತಿಂಗಳ ಸಂಬಳವನ್ನೇ ನಂಬಿ ಬಾಳಿದ ನನ್ನಂತಹ ಉಪಾಧ್ಯಾಯನಿಗೆ ಈ ರಾಜೀನಾಮೆ ಅವರ ಜೀವನದ ಅತಿ ದೊಡ್ಡ ಸಾಹಸವಾಗಿ ಕಾಣುತ್ತದೆ. ಮುಂದಿನ ಸಾಹಸಗಳಲ್ಲಿ ಜೊತೆಗೆ ಲಕ್ಷಾಂತರ ಜನರಿದ್ದರು. ಅಂದು ಅವರು ಒಬ್ಬರೇ.

ಆಮೇಲೆ ಪಕ್ಷದವರು ಒದಗಿಸಿದ ಲ್ಯಾಂಡ್‌ರೋವರಿನಲ್ಲಿ ನಾಡನ್ನೆಲ್ಲ ಸುತ್ತಿದರು. ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳು, ಅಷ್ಟೇ ಮಾತುಗಳು. ಎಲ್ಲರಿಗೂ ಅಷ್ಟಿಷ್ಟು ತಿಳಿಯುವ ಭಾಷೆ ಸ್ವಾಹಿಲಿಯೊಂದೇ. ಅದರಲ್ಲಿಯೇ ಮಾತನಾಡಿದರು. ಪಟ್ಟಣದ ಹೆಂಗಸರನ್ನು ಪಕ್ಷಕ್ಕೆ ಸೇರಿಸಿದ ಕೀರ್ತಿ ಬೀಬಿ ಟಿಟಿ ಮೊಹಮ್ಮದ್ ಎಂಬ ಹಾಡುಗಾರ್ತಿಗೆ ಸಲ್ಲಬೇಕು. ಹೆಚ್ಚು ಓದದಿದ್ದ ಆಕೆ ತಾನಿದ್ದ ಹಾಡಿನ ಮೇಳಗಳನ್ನೇ ಪಕ್ಷದ ಶಾಖೆಗಳನ್ನಾಗಿ ಮಾಡಿದಳು. ಗಂಡಸರು ಸರ್ಕಾರಿ ಕೆಲಸ ಹೋದೀತೆಂದು ಹಿಂಜರಿಯುತ್ತಿದ್ದ ದಿನಗಳಲ್ಲಿ ಚಂದಾ ಕೊಟ್ಟು ಚೀಟಿ ಪಡೆದವರು ಆ ಹೆಂಗಸರು.

1958ರಲ್ಲಿ ಟಬೋರಾದಲ್ಲಿ ನಡೆದ ಪಕ್ಷದ ಸಮ್ಮೇಳನ ನೈರೇರೆಯವರ ವಿವೇಕಕ್ಕೆ ಒರೆಗಲ್ಲಾಯಿತು. ಅಂದಿನ ಟಾಂಗನೀಕಾದಲ್ಲಿ ಸುಮಾರು 90 ಲಕ್ಷ ಮಂದಿ ಆಫ್ರಿಕನರಿದ್ದರು; ಭಾರತೀಯರೇ ಮೊದಲಾದ ಏಷ್ಯದವರು ಒಂದು ಲಕ್ಷಕ್ಕೂ ಕಡಿಮೆ; ಐರೋಪ್ಯರು ಸುಮಾರು 20 ಸಾವಿರ. ಆದರೆ ಶಾಸನಸಭೆಯಲ್ಲಿ ಮೂರು ಪಂಗಡಗಳಿಗೂ ಸಮಾನ ಸ್ಥಾನ! ಅಷ್ಟೇ ಅಲ್ಲ, ಬರಲಿರುವ ಚುನಾವಣೆಯಲ್ಲಿ ಪ್ರತಿಯೊಬ್ಬ ಮತದಾರನೂ ಆಫ್ರಿಕನನೊಬ್ಬನಿಗೆ, ಏಷ್ಯದವನೊಬ್ಬನಿಗೆ, ಐರೋಪ್ಯನೊಬ್ಬನಿಗೆ, ಹೀಗೆ ಮೂರು ಮತಗಳನ್ನು ಹಾಕಲೇಬೇಕೆಂದು ಸರ್ಕಾರ ನಿಯಮ ಮಾಡಿತ್ತು. ಕಾರ್ಯಕರ್ತರು ಕೆರಳಿದ್ದರು. ಚುನಾವಣೆಯನ್ನು ಬಹಿಷ್ಕರಿಸಬೇಕು, ಮುಷ್ಕರ ಹೂಡಬೇಕು ಎಂಬುದೇ ಬಹುಮಂದಿಯ ಅಭಿಪ್ರಾಯ. ನೈರೇರೆ ಗುಳಿಮಣೆಯ ಆಟಗಾರನಂತೆ ಯೋಚಿಸಿದರು. ಬಹಿಷ್ಕರಿಸಿದರೆ ಸ್ಥಾನಗಳು ಸರ್ಕಾರದ ಕಡೆಯವರ ಪಾಲಾಗುತ್ತವೆ. ಸ್ಪರ್ಧಿಸಿದರೆ ಟಾನುವಿನ ಬೆಂಬಲವಿಲ್ಲದೆ ಬಿಳಿಯನೂ ಗೆಲ್ಲಲಾರ, ಏಷ್ಯದವನೂ ಗೆಲ್ಲಲಾರ. ದ್ವೇಷದಿಂದ ಮಾಡಿದ ನಿಯಮವನ್ನು ಸ್ನೇಹದಿಂದ ಗೆಲ್ಲಬಹುದೆಂದು ಅವರು ಸಮ್ಮೇಳನವನ್ನು ಒಪ್ಪಿಸಿದರು. ಸಿಟ್ಟಾದ ಕೆಲವರು ಪಕ್ಷವನ್ನು ಬಿಟ್ಟುಹೋದರು. ಚುನಾವಣೆಯ ಫಲಿತಾಂಶ ಬಂದಾಗ ಮೂರು ಪಂಗಡಗಳ ಸ್ಥಾನಗಳಲ್ಲಿಯೂ ಟಾನು ಬೆಂಬಲಿಸಿದವರೇ ಗೆದ್ದಿದ್ದರು. ಅದೇ ವರ್ಷ, ಇಬ್ಬರು ಜಿಲ್ಲಾಧಿಕಾರಿಗಳನ್ನು ಟೀಕಿಸಿ ಬರೆದುದಕ್ಕಾಗಿ ಅವರ ಮೇಲೆ ಮಾನನಷ್ಟದ ಮೊಕದ್ದಮೆ ನಡೆಯಿತು. ಮೂರು ಸಾವಿರ ಷಿಲಿಂಗ್ ದಂಡ, ಇಲ್ಲವೇ ಆರು ತಿಂಗಳ ಸೆರೆ ಎಂದು ತೀರ್ಪಾಯಿತು. ಸೆರೆಮನೆಗೆ ಹೋಗಿ ಹುತಾತ್ಮನೆನಿಸಿಕೊಳ್ಳುವ ಅವಕಾಶವನ್ನು ಬಿಟ್ಟುಕೊಟ್ಟು, ದಂಡ ತೆತ್ತು ಕೆಲಸಕ್ಕೆ ಮರಳಿದರು. 1960ರ ಚುನಾವಣೆಯಲ್ಲಿ 71 ಸ್ಥಾನಗಳಲ್ಲಿ 70 ಟಾನುವಿಗೆ ದೊರೆತವು. 1961ರ ಡಿಸೆಂಬರ್ 9ರಂದು ಟಾಂಗನೀಕಾ ಸ್ವತಂತ್ರವಾಯಿತು. ಆಫ್ರಿಕದ ಅತ್ಯುನ್ನತ ಶಿಖರವಾದ ಕಿಲಿಮಂಜಾರೋದ ತುದಿಯಲ್ಲಿ ಅಂದು ಪಂಜೊಂದು ಬೆಳಗಿತು.

ಈ ಹೋರಾಟದಲ್ಲಿ ರಕ್ತ ಹರಿಯಲಿಲ್ಲ. ಪಕ್ಕದ ಕೀನ್ಯಾದಲ್ಲಿ ಸಾವಿರಾರು ಜನ ಸತ್ತಿದ್ದರು. ಕಾಂಗೋ ಹೊತ್ತಿ ಉರಿಯುತ್ತಿತ್ತು. ಟಾಂಗನೀಕಾದಲ್ಲಿ ನೆಲೆಸಿದ ಐರೋಪ್ಯರು ಕೆಲವರೇ ಆಗಿದ್ದುದೂ ಒಂದು ಅನುಕೂಲವೆಂಬುದನ್ನು ಮರೆಯುವಂತಿಲ್ಲ. ಆದರೆ ಅನುಕೂಲವನ್ನು ಕೆಡಿಸಿಕೊಂಡ ನಾಯಕರೂ ಚರಿತ್ರೆಯಲ್ಲಿ ಇದ್ದಾರೆ. ಸ್ವಾತಂತ್ರ್ಯಕ್ಕೆ ಎರಡು ತಿಂಗಳ ಮೊದಲು, ಪೌರತ್ವ ಕರಿಯರಿಗೆ ಮಾತ್ರ ಸಲ್ಲಬೇಕೆಂದು ಅವರ ಪಕ್ಷದ ಸದಸ್ಯರೇ ಸಭೆಯಲ್ಲಿ ಪಟ್ಟುಹಿಡಿದರು. ಚರ್ಮದ ಬಣ್ಣವನ್ನು ಪೂಜಿಸುವುದಾದರೆ ಹಿಟ್ಲರನಿಗೂ ನಮಗೂ ಭೇದವೇನೆಂದು ನೈರೇರೆ ಕಠಿಣವಾಗಿ ಕೇಳಿದರು. ಮಸೂದೆ ಸೋತರೆ ಸರ್ಕಾರವೇ ರಾಜೀನಾಮೆ ಕೊಡುವುದೆಂದರು. ಮಸೂದೆ ಗೆದ್ದಿತು. ಭಾರತೀಯ ಮನೆತನದ ಅಮೀರ್ ಜಮಾಲ್ ಅವರು ಆ ದೇಶದ ಹಣಕಾಸಿನ ಮಂತ್ರಿಯಾಗಿ ಬಹುಕಾಲ ಸೇವೆ ಸಲ್ಲಿಸಿದರು.

ಸ್ವತಂತ್ರ ರಾಷ್ಟ್ರದ ಕೈಯಲ್ಲಿ ಇದ್ದುದಾದರೂ ಏನು? ವಯಸ್ಕರಲ್ಲಿ ನೂರಕ್ಕೆ ಎಂಬತ್ತೈದು ಮಂದಿ ನಿರಕ್ಷರರು. ನಾಡಿನವರೇ ಆದ ವೈದ್ಯರು ಹನ್ನೆರಡು ಜನ, ಇಂಜಿನಿಯರುಗಳು ಇಬ್ಬರು. ಈ ಲೆಕ್ಕವನ್ನು ನೈರೇರೆಯವರೇ ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಪ್ರಧಾನಿಯಾಗಿ ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, 1962ರ ಜನವರಿಯಲ್ಲಿ ಅವರು ಪದವಿಯನ್ನು ರಷೀದಿ ಕವಾವಾ ಅವರಿಗೆ ಬಿಟ್ಟುಕೊಟ್ಟು ಹಳ್ಳಿಗಳತ್ತ ಹೊರಟುಹೋದರು. ಧ್ವಜ ಬದಲಾದ ಮಾತ್ರಕ್ಕೆ ಜನರ ಮನಸ್ಸು ಬದಲಾಗಿಲ್ಲವೆಂದು ಅವರಿಗೆ ತೋರಿತ್ತು. ಆ ವರ್ಷದ ಕೊನೆಗೆ ದೇಶ ಗಣರಾಜ್ಯವಾದಾಗ ಅವರು ಅಧ್ಯಕ್ಷರಾಗಿ ಮರಳಿದರು. 1964ರ ಜನವರಿ ಕಷ್ಟದ ತಿಂಗಳು. ಸಮುದ್ರದ ಆಚೆಯ ಜಾಂಜಿಬಾರ್ ದ್ವೀಪದಲ್ಲಿ ಸುಲ್ತಾನನನ್ನು ಓಡಿಸಿ ಕ್ರಾಂತಿಯಾಯಿತು. ಒಂದು ವಾರ ಕಳೆಯುವುದರಲ್ಲಿ ದಾರ್-ಎಸ್-ಸಲಾಮಿನ ಸೈನಿಕರೇ ದಂಗೆಯೆದ್ದರು. ಅಧ್ಯಕ್ಷರು ಎರಡು ದಿನ ಅಡಗಿಕೊಂಡಿರಬೇಕಾಯಿತು. ಕಡೆಗೆ ಬ್ರಿಟಿಷ್ ಸೈನಿಕರನ್ನೇ ಕರೆಸಿ ದಂಗೆಯನ್ನು ಅಡಗಿಸಬೇಕಾಯಿತು. ಹಿಂದಿನ ಒಡೆಯರ ಮುಂದೆ ಹೀಗೆ ಕೈಚಾಚಬೇಕಾದ ಅವಮಾನ ಅವರನ್ನು ಬಹಳವಾಗಿ ನೋಯಿಸಿತು. ಏಪ್ರಿಲ್ 26ರಂದು ಟಾಂಗನೀಕಾ ಮತ್ತು ಜಾಂಜಿಬಾರ್‌ಗಳು ಒಂದಾದವು. ಎರಡು ಹೆಸರುಗಳನ್ನು ಕೂಡಿಸಿ ಟಾಂಜಾನಿಯಾ ಎಂಬ ಹೊಸ ಹೆಸರು ಹುಟ್ಟಿತು.

ನೈರೇರೆ ಎಂತಹ ಮೇಷ್ಟ್ರೆಂಬುದನ್ನು 1966ರ ಅಕ್ಟೋಬರಿನ ಒಂದು ಪ್ರಸಂಗ ತೋರಿಸುತ್ತದೆ. ವಿದ್ಯಾವಂತ ಯುವಕರು ಓದು ಮುಗಿದ ಮೇಲೆ ಎರಡು ವರ್ಷ ಕಡಿಮೆ ಸಂಬಳಕ್ಕೆ ರಾಷ್ಟ್ರಸೇವೆ ಮಾಡಬೇಕೆಂದು ಸರ್ಕಾರ ವಿಧಿಸಿತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಮ್ಮ ಕಪ್ಪು ನಿಲುವಂಗಿಗಳನ್ನು ತೊಟ್ಟು ಅಧ್ಯಕ್ಷರ ಭವನಕ್ಕೆ ಮೆರವಣಿಗೆಯಲ್ಲಿ ಬಂದರು. ಮಂತ್ರಿಗಳಿಗೆ ದೊಡ್ಡ ಸಂಬಳ, ತಮಗೆ ಮಾತ್ರ ತ್ಯಾಗದ ಉಪದೇಶವೇ ಎಂಬುದು ಅವರ ಆಕ್ಷೇಪ. ನೈರೇರೆ ಶಾಂತವಾಗಿ ಕೇಳಿಸಿಕೊಂಡರು, ಆಮೇಲೆ ಸಿಡಿದೆದ್ದರು. ಸಂಬಳಗಳು ಹೆಚ್ಚೆಂಬ ಮಾತು ನಿಜವೆಂದು ಒಪ್ಪಿ ಆ ನಿಂತ ನಿಲುವಿನಲ್ಲೇ ತಮ್ಮ ಸಂಬಳವನ್ನು ನೂರಕ್ಕೆ ಇಪ್ಪತ್ತರಷ್ಟು ತಗ್ಗಿಸಿಕೊಂಡರು. ಅದೇ ಉಸಿರಿನಲ್ಲಿ ಮೆರವಣಿಗೆ ಬಂದ ಮುನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊರಹಾಕಿ ಅವರವರ ಹಳ್ಳಿಗಳಿಗೆ ಅಟ್ಟಿದರು. ಅವರಲ್ಲಿ ಬಹುಮಂದಿಯನ್ನು ಮುಂದೆ ಮತ್ತೆ ಸೇರಿಸಿಕೊಳ್ಳಲಾಯಿತು. ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವ ಗುರು ಅಪರೂಪ. ಆದರೆ ಪ್ರಶ್ನೆ ಕೇಳಿದವರನ್ನು ತರಗತಿಯಿಂದ ಹೊರಗಟ್ಟುವ ಸ್ವಭಾವವೂ ಆ ಗುರುವಿನಲ್ಲಿತ್ತು. ಅವರ ಆಳ್ವಿಕೆಯ ಹಿರಿಮೆ ಕೊರತೆಗಳೆರಡೂ ಈ ಒಂದು ಪ್ರಸಂಗದಲ್ಲಿ ಅಡಗಿವೆಯೆಂದು ನನಗೆ ತೋರುತ್ತದೆ.

ಮೂರೇ ತಿಂಗಳಲ್ಲಿ, 1967ರ ಫೆಬ್ರವರಿ 5ರಂದು ಅರುಷಾ ಘೋಷಣೆ ಹೊರಟಿತು. ಪಕ್ಷದ ಮತ್ತು ಸರ್ಕಾರದ ನಾಯಕರು ಕಂಪನಿಗಳಲ್ಲಿ ಷೇರು ಹೊಂದಬಾರದು, ಎರಡು ಸಂಬಳ ಪಡೆಯಬಾರದು, ಮನೆ ಕಟ್ಟಿಸಿ ಬಾಡಿಗೆಗೆ ಕೊಡಬಾರದು ಎಂಬ ಕಟ್ಟುಪಾಡುಗಳು ಅದರಲ್ಲಿದ್ದವು. ಬ್ಯಾಂಕುಗಳೂ ದೊಡ್ಡ ಕಾರ್ಖಾನೆಗಳೂ ರಾಷ್ಟ್ರದ ಸ್ವತ್ತಾದವು. ನೈರೇರೆಯವರ ಸಮಾಜವಾದ ಪುಸ್ತಕದಿಂದ ಬಂದುದಕ್ಕಿಂತ ಬುಟಿಯಾಮಾದ ಅಂಗಳದಿಂದ ಬಂದುದೇ ಹೆಚ್ಚು. ಹಿಂದಿನ ಆಫ್ರಿಕದ ಕುಟುಂಬದಲ್ಲಿ ಎಲ್ಲರೂ ದುಡಿಯುತ್ತಿದ್ದರು, ಇದ್ದುದನ್ನು ಹಂಚಿಕೊಳ್ಳುತ್ತಿದ್ದರು. ಆ ಕುಟುಂಬಭಾವವನ್ನು ಇಡೀ ರಾಷ್ಟ್ರಕ್ಕೆ ವಿಸ್ತರಿಸಬೇಕೆಂಬುದು ಅವರ ಕನಸು. ಅದಕ್ಕೆ ಉಜಾಮಾ ಎಂದು ಹೆಸರಿಟ್ಟರು. ಆ ಹಳೆಯ ಕುಟುಂಬದಲ್ಲಿ ತಮ್ಮ ತಾಯಿಯಂತಹ ಹೆಂಗಸರ ಪಾಲಿಗೆ ಬಂದ ಹೊರೆ ಎಷ್ಟೆಂಬುದನ್ನು ಬಲ್ಲ ಅವರು, ಅದೊಂದು ದೋಷ ತಿದ್ದಿಹೋಗಬೇಕೆಂದೂ ಬರೆದರು. ಅದೇ ವರ್ಷ ಶಿಕ್ಷಣ ನೀತಿಯೂ ಬದಲಾಯಿತು. ಶಾಲೆಯೆಂದರೆ ಕೆಲವರನ್ನು ಗುಮಾಸ್ತರನ್ನಾಗಿ ಆರಿಸುವ ಜರಡಿಯಲ್ಲ. ಹಳ್ಳಿಯಲ್ಲಿಯೇ ಬಾಳಬೇಕಾದ ಬಹುಮಂದಿಗೆ ಬೇಕಾದುದನ್ನು ಕಲಿಸುವ ಜಾಗ. ಪ್ರತಿ ಶಾಲೆಗೂ ಹೊಲವಿರಬೇಕು, ಮಕ್ಕಳೂ ಗುರುಗಳೂ ಅಲ್ಲಿ ಕೂಡಿ ದುಡಿಯಬೇಕು. ಪ್ರಾಥಮಿಕ ತರಗತಿಗಳ ಪಾಠಗಳೆಲ್ಲ ಸ್ವಾಹಿಲಿಯಲ್ಲಿ ನಡೆಯತೊಡಗಿದವು.

ಭಾಷೆಯ ವಿಷಯದಲ್ಲಿ ಅವರದು ಬರಿಯ ಆಜ್ಞೆಯಾಗಿರಲಿಲ್ಲ. ರಾಷ್ಟ್ರಾಧ್ಯಕ್ಷರ ಕೆಲಸದ ನಡುವೆ ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದು 1963ರಲ್ಲಿ ಪ್ರಕಟಿಸಿದರು. ವೆನಿಸ್ಸಿನ ವರ್ತಕನ ಅನುವಾದ 1969ರಲ್ಲಿ ಬಂದಿತು. ತಮ್ಮ ಭಾಷೆ ಎಂತಹ ಭಾರವನ್ನೂ ಹೊರಬಲ್ಲುದೆಂದು ಜನರಿಗೆ ಮಾಡಿ ತೋರಿಸುವುದು ಅವರ ಉದ್ದೇಶ. ಒಂದು ಬುಡಕಟ್ಟಿನ ಭಾಷೆಯನ್ನು ಮತ್ತೊಂದರ ಮೇಲೆ ಹೇರದೆ, ಯಾವ ದೊಡ್ಡ ಬುಡಕಟ್ಟಿನ ಸ್ವತ್ತೂ ಅಲ್ಲದ ಸ್ವಾಹಿಲಿಯನ್ನು ಎಲ್ಲರದಾಗಿ ಮಾಡಿದುದು ಟಾಂಜಾನಿಯಾವನ್ನು ಒಡೆಯದಂತೆ ಕಾಯಿತು. ನೆರೆಯ ರ್ವಾಂಡಾ, ಬುರುಂಡಿ, ಉಗಾಂಡಾಗಳಲ್ಲಿ ಬುಡಕಟ್ಟಿನ ಹೆಸರಿನಲ್ಲಿ ಹರಿದ ರಕ್ತವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ವಯಸ್ಕರ ಶಿಕ್ಷಣಕ್ಕೂ ಅವರು ಮನಸ್ಸಿಟ್ಟು ದುಡಿದರು. ಹೊಲದ ಕೆಲಸ ಮುಗಿಸಿ ಬಂದ ಅಜ್ಜಂದಿರೂ ಅಜ್ಜಿಯರೂ ಮರದ ನೆರಳಿನಲ್ಲಿ ಕುಳಿತು ಅಕ್ಷರ ತಿದ್ದಿದರು. ಎರಡು ದಶಕಗಳಲ್ಲಿ ಬಹುಪಾಲು ವಯಸ್ಕರು ಓದಬಲ್ಲವರಾದರು.

ಇನ್ನು ಹಳ್ಳಿಗಳ ಕಥೆ. ಟಾಂಜಾನಿಯಾದ ರೈತರು ಒಂದೊಂದು ಮನೆ ಒಂದೊಂದು ದಿಣ್ಣೆಯ ಮೇಲೆ ಎಂಬಂತೆ ಚದುರಿಕೊಂಡಿದ್ದರು. ಹೀಗಿರುವಾಗ ಶಾಲೆಯನ್ನಾಗಲಿ ಬಾವಿಯನ್ನಾಗಲಿ ಯಾರಿಗೆಂದು ಕಟ್ಟುವುದು? ಜನ ಒಂದೆಡೆ ಸೇರಿ ಬಾಳಬೇಕು, ಕೂಡಿ ಬೇಸಾಯ ಮಾಡಬೇಕು ಎಂದು ನೈರೇರೆ ಬಯಸಿದರು. ಯಾರನ್ನೂ ಬಲಾತ್ಕರಿಸಬಾರದೆಂದು ಅವರೇ ಬರೆದಿದ್ದರು. ದಕ್ಷಿಣದ ರುವುಮಾ ಪ್ರಾಂತದಲ್ಲಿ ಹದಿನೇಳು ಹಳ್ಳಿಗಳ ರೈತರು ತಾವಾಗಿಯೇ ಸಂಘ ಕಟ್ಟಿಕೊಂಡು ಅವರ ಕನಸನ್ನು ನಿಜ ಮಾಡಿ ತೋರಿಸಿದ್ದರು. ನೈರೇರೆ ಅದನ್ನು ಮೆಚ್ಚಿದ್ದರು. ಆದರೆ ತಮ್ಮ ಹಿಡಿತಕ್ಕೆ ಸಿಗದ ಆ ಸಂಘವನ್ನು ಪಕ್ಷದ ಅಧಿಕಾರಿಗಳು ಸಹಿಸಲಿಲ್ಲ. 1969ರಲ್ಲಿ ಪಕ್ಷದ ಸಮಿತಿ ಅದನ್ನು ವಿಸರ್ಜಿಸಿತು, ನೈರೇರೆ ತಡೆಯಲಿಲ್ಲ. ಸ್ವಇಚ್ಛೆಯಿಂದ ಮೊಳೆತ ಸಸಿಯನ್ನು ಕಿತ್ತಮೇಲೆ ಉಳಿದುದು ಆಜ್ಞೆಯ ದಾರಿ. 1971ರ ಕ್ರಿಸ್ಮಸ್ ದಿನ ಇರಿಂಗಾ ಪ್ರಾಂತದಲ್ಲಿ, ಕೂಡುಬೇಸಾಯಕ್ಕೆ ಒತ್ತಾಯಿಸಲು ಬಂದ ಪ್ರಾಂತಾಧಿಕಾರಿಯನ್ನು ರೈತನೊಬ್ಬ ಗುಂಡಿಟ್ಟು ಕೊಂದನು. ಆ ಎಚ್ಚರಿಕೆಯನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. 1976ರೊಳಗೆ ಎಲ್ಲರೂ ಹಳ್ಳಿಗಳಲ್ಲಿ ನೆಲೆಸಲೇಬೇಕೆಂದು 1973ರಲ್ಲಿ ನೈರೇರೆಯವರೇ ಆಜ್ಞೆ ಮಾಡಿದರು. ಲಕ್ಷಾಂತರ ಜನರನ್ನು ಲಾರಿಗಳಲ್ಲಿ ತುಂಬಿ ಹೊಸ ಜಾಗಗಳಲ್ಲಿ ಇಳಿಸಿದರು. ಹಳೆಯ ಮನೆಗಳಿಗೆ ಅವರು ಹಿಂದಿರುಗದಂತೆ ಅನೇಕ ಕಡೆ ಅವುಗಳಿಗೆ ಬೆಂಕಿಯಿಟ್ಟರು. ಹೊಲ ಎಲ್ಲಿಯೋ, ಮನೆ ಎಲ್ಲಿಯೋ ಆಯಿತು. ಅದೇ ವೇಳೆಗೆ ಮಳೆ ಕೈಕೊಟ್ಟಿತು. ಅಂತರರಾಷ್ಟ್ರೀಯ ಪೇಟೆಯಲ್ಲಿ ತೈಲದ ಬೆಲೆ ಏರಿತು. ಮಳೆಯ ದೇವತೆಯ ಹೆಸರು ಹೊತ್ತವನ ನಾಡು 1974ರಲ್ಲಿ ಹೊರಗಿನಿಂದ ಧಾನ್ಯವನ್ನು ತರಿಸಿಕೊಳ್ಳಬೇಕಾಯಿತು.

ಹಳ್ಳಿಗಳಿಗೆ ಶಾಲೆಗಳು ಬಂದವು, ಔಷಧಾಲಯಗಳು ಬಂದವು, ಕೆಲವೆಡೆ ಕುಡಿಯುವ ನೀರೂ ಬಂದಿತು ಎಂಬುದು ಸತ್ಯ. ಆದರೆ ಮನೆ ಸುಟ್ಟುಹೋದ ರೈತನಿಗೆ ಈ ಲೆಕ್ಕವನ್ನು ಒಪ್ಪಿಸುವುದು ಸುಲಭವಲ್ಲ. ವಿರೋಧಿಸುವವರನ್ನು ವಿಚಾರಣೆಯಿಲ್ಲದೆ ಬಂಧಿಸುವ ಕಾನೂನು 1962ರಿಂದಲೇ ಇತ್ತು. 1965ರಿಂದ ದೇಶದಲ್ಲಿ ಒಂದೇ ಪಕ್ಷ. ಸ್ವಾತಂತ್ರ್ಯದ ಮೊದಲ ದಿನಗಳಲ್ಲಿ ಹೆಂಗಸರನ್ನು ಕರೆತಂದ ಬೀಬಿ ಟಿಟಿ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಜೀವಾವಧಿ ಶಿಕ್ಷೆ ಪಡೆದಳು. 1972ರಲ್ಲಿ ನೈರೇರೆಯವರೇ ಆಕೆಯನ್ನು ಬಿಡುಗಡೆ ಮಾಡಿದರು. ಇಂದು ದಾರ್-ಎಸ್-ಸಲಾಮಿನ ಒಂದು ಹೆದ್ದಾರಿಗೆ ಆಕೆಯ ಹೆಸರಿದೆ. 1971ರಲ್ಲಿ ಬೆಲೆಬಾಳುವ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಹೆಚ್ಚಾಗಿ ನಷ್ಟವಾದದ್ದು ಭಾರತೀಯ ಮೂಲದವರಿಗೆ. ಹಲವರು ದೇಶವನ್ನು ಬಿಟ್ಟರು. ಆದರೂ ಮರುವರ್ಷ ಉಗಾಂಡಾದ ಇದಿ ಅಮೀನ್ ಭಾರತೀಯರನ್ನು ಹೊರದೂಡಿದಾಗ, ಅದು ಜನಾಂಗದ್ವೇಷವೆಂದು ಬಹಿರಂಗವಾಗಿ ಖಂಡಿಸಿದ ಆಫ್ರಿಕನ್ ನಾಯಕರಲ್ಲಿ ನೈರೇರೆ ಮುಖ್ಯರು.

ತಮ್ಮ ನಾಡು ಸ್ವತಂತ್ರವಾದ ಮಾತ್ರಕ್ಕೆ ಅವರಿಗೆ ತೃಪ್ತಿಯಿರಲಿಲ್ಲ. ಮೊಜಾಂಬಿಕ್, ಅಂಗೋಲಾ, ರೊಡೇಷಿಯಾ, ದಕ್ಷಿಣ ಆಫ್ರಿಕಗಳ ಹೋರಾಟಗಾರರಿಗೆ ದಾರ್-ಎಸ್-ಸಲಾಮ್ ತವರುಮನೆಯಾಯಿತು. ಮೊಜಾಂಬಿಕ್ಕಿನ ವಿಮೋಚನಾ ಪಕ್ಷ 1962ರಲ್ಲಿ ಹುಟ್ಟಿದ್ದೇ ಆ ಊರಿನಲ್ಲಿ. ರೊಡೇಷಿಯಾದ ಬಿಳಿಯರ ಸರ್ಕಾರವನ್ನು ಬ್ರಿಟನ್ ಅಡಗಿಸಲಿಲ್ಲವೆಂದು 1965ರಲ್ಲಿ ಅದರೊಡನೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡರು. ಬರಬೇಕಾಗಿದ್ದ 75 ಲಕ್ಷ ಪೌಂಡುಗಳ ಸಾಲ ಅದರಿಂದ ತಪ್ಪಿಹೋಯಿತು. ಬಡವನ ಸ್ವಾಭಿಮಾನಕ್ಕೆ ತೆರಬೇಕಾದ ಬೆಲೆ ಹೆಚ್ಚು. ಒಳನಾಡಿನ ಜಾಂಬಿಯಾ ಬಿಳಿಯರ ಬಂದರುಗಳನ್ನು ಅವಲಂಬಿಸದಿರಲೆಂದು ಚೀನದ ನೆರವಿನಿಂದ 1,860 ಕಿಲೋಮೀಟರುಗಳ ರೈಲುದಾರಿಯನ್ನು ಹಾಕಿಸಿದರು. 1978ರ ಕೊನೆಯಲ್ಲಿ ಇದಿ ಅಮೀನನ ಸೈನ್ಯ ಕಗೇರಾ ನದಿಯವರೆಗಿನ ಟಾಂಜಾನಿಯಾದ ನೆಲವನ್ನು ಆಕ್ರಮಿಸಿಕೊಂಡು ಸುಲಿಗೆಮಾಡಿತು. ನೈರೇರೆ ಶತ್ರುವನ್ನು ಗಡಿಯಾಚೆ ಅಟ್ಟಿದ್ದಲ್ಲದೆ, 1979ರ ಏಪ್ರಿಲ್‌ನಲ್ಲಿ ಕಂಪಾಲಾವನ್ನೂ ಹಿಡಿದು ಅಮೀನನ ಆಳ್ವಿಕೆಯನ್ನು ಕೊನೆಗಾಣಿಸಿದರು. ಯುದ್ಧದ ವೆಚ್ಚ ಬೊಕ್ಕಸವನ್ನು ಬರಿದುಮಾಡಿತು. ಆಮೇಲಿನ ವರ್ಷಗಳಲ್ಲಿ ಅಂಗಡಿಗಳಲ್ಲಿ ಸಾಬೂನು, ಸಕ್ಕರೆಗಳೂ ಸಿಗದಾದವು.

1985ರ ನವೆಂಬರ್‌ನಲ್ಲಿ ಅವರು ಅಧ್ಯಕ್ಷ ಪದವಿಯನ್ನು ಅಲಿ ಹಸನ್ ಮ್ವಿನ್ಯಿ ಅವರಿಗೆ ಒಪ್ಪಿಸಿದರು. ಯಾರೂ ಅವರನ್ನು ಇಳಿಸಿರಲಿಲ್ಲ. ಅಂದಿನ ಆಫ್ರಿಕದಲ್ಲಿ ಅಧ್ಯಕ್ಷರು ಪದವಿಯಿಂದ ಹೋಗುತ್ತಿದ್ದುದು ಸಾಮಾನ್ಯವಾಗಿ ಸೆರೆಮನೆಗೆ, ಪರದೇಶಕ್ಕೆ ಅಥವಾ ಸಮಾಧಿಗೆ. ನೈರೇರೆ ಹೋದದ್ದು ಬುಟಿಯಾಮಾಕ್ಕೆ, ಬೇಸಾಯ ಮಾಡಲು. ತಮ್ಮ ಆರ್ಥಿಕ ನೀತಿಯಲ್ಲಿ ತಪ್ಪುಗಳಾದವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಅರುಷಾ ಘೋಷಣೆಯ ಮೂಲತತ್ತ್ವವನ್ನು ಬಿಟ್ಟುಕೊಡಲಿಲ್ಲ. 1990ರಲ್ಲಿ ಪಕ್ಷದ ಅಧ್ಯಕ್ಷತೆಯನ್ನೂ ತ್ಯಜಿಸಿ, ಒಂದೇ ಪಕ್ಷದ ಪದ್ಧತಿಯನ್ನು ಮರುವಿಮರ್ಶೆ ಮಾಡಬೇಕೆಂದು ತಾವೇ ಸೂಚಿಸಿದರು. ಎರಡು ವರ್ಷಗಳಲ್ಲಿ ಅನೇಕ ಪಕ್ಷಗಳಿಗೆ ಅವಕಾಶವಾಯಿತು. ಬಡರಾಷ್ಟ್ರಗಳ ಸಮಸ್ಯೆಗಳನ್ನು ಪರಿಶೀಲಿಸಲು 1987ರಲ್ಲಿ ನೇಮಕವಾದ ದಕ್ಷಿಣ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಅದರ ಮಹಾಕಾರ್ಯದರ್ಶಿಯಾಗಿದ್ದವರು ಮುಂದೆ ನಮ್ಮ ಪ್ರಧಾನಿಯಾದ ಡಾ. ಮನಮೋಹನ್ ಸಿಂಗ್ ಅವರು. ಭಾರತ ಸರ್ಕಾರ ಗಾಂಧಿ ಶಾಂತಿ ಪುರಸ್ಕಾರವನ್ನು ಸ್ಥಾಪಿಸಿದಾಗ, 1995ರಲ್ಲಿ ಮೊದಲ ಪುರಸ್ಕಾರ ಸಂದದ್ದು ನೈರೇರೆಯವರಿಗೆ.

ಊರಿನಲ್ಲಿದ್ದ ದಿನಗಳಲ್ಲಿ ಬೆಳಗ್ಗೆ ಹೊಲ, ಆಮೇಲೆ ಓದುಬರಹ. ಕ್ರೈಸ್ತರ ಸುವಾರ್ತೆಗಳನ್ನು ಸ್ವಾಹಿಲಿಯ ಹಳೆಯ ಛಂದಸ್ಸಿನಲ್ಲಿ ಪದ್ಯವಾಗಿ ಬರೆದರು. ಆ ಪುಸ್ತಕ 1996ರಲ್ಲಿ ಅಚ್ಚಾಯಿತು. ನೆರೆಹೊರೆಯ ಮುದುಕರೊಡನೆ ಗುಳಿಮಣೆಯ ಮುಂದೆ ಕೂರುವುದೂ ತಪ್ಪಲಿಲ್ಲ. ಬುರುಂಡಿಯಲ್ಲಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ ಸಂಧಾನಕ್ಕೆ ಅವರನ್ನೇ ಕರೆದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅರುಷಾ ನಗರದಲ್ಲಿ ಕುಳಿತು ಎರಡು ಕಡೆಯವರ ಮಾತನ್ನೂ ತಾಳ್ಮೆಯಿಂದ ಕೇಳಿದರು. ಆ ಕೆಲಸ ಮುಗಿಯುವ ಮುನ್ನವೇ ರಕ್ತದ ಕ್ಯಾನ್ಸರ್ ಅವರನ್ನು ಆವರಿಸಿತು. 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರು ಬಿಟ್ಟುಹೋದ ಸಂಧಾನವನ್ನು ನೆಲ್ಸನ್ ಮಂಡೇಲಾ ಮುಂದುವರಿಸಿದರು. ದೇಹವನ್ನು ದಾರ್-ಎಸ್-ಸಲಾಮಿಗೆ ತಂದಾಗ ಬೀದಿಗಳ ಇಕ್ಕೆಲಗಳಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಅಕ್ಟೋಬರ್ 23ರಂದು ಬುಟಿಯಾಮಾದಲ್ಲಿ, ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ, ಅವರನ್ನು ಮಣ್ಣುಮಾಡಿದರು.